ಮರುಳಾಂಬಿಕೆಯ ಕೊನೆಯ ಸಂಧಿ

ಗಿರಿಜಾಂಬಾ ಕೆಟ್ಟ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅವಳು ಮಾಡಿದ ಕೆಲಸ ಕೇಳಿದರೆ ನೀವು ಕೆನ್ನೆ ಕೆನ್ನೆ ಬಡಿದುಕೊಳ್ಳುತ್ತೀರಿ. ಶ್ರಾವಣ ಮಾಸದಲ್ಲಿ, ತಲೆಗೆ ನೀರು ಹಾಕಿಕೊಂಡು, ಹಣೆಗೆ ವಿಭೂತಿ ಧರಿಸಿ, ಪುರಾಣದ ಮಣೆಯ ಮುಂದೆ ಕೂತು, ಹನ್ನೆರಡು ಜನ ಹೆಂಗಸರಿಗೆ ಅಮೆರಿಕದ ಕುದುರೆ ಸವಾರನೊಬ್ಬನ ಪ್ರೇಮದ ಕತೆ ಹೇಳಿದಳು. ಶರಣೆಯ ಕತೆ ಅಂದಳು. ಅವರು ಕೈಮುಗಿದು ಕೇಳಿದರು. ಕೇಳಿ ಕಣ್ಣೀರು ಬೇರೆ ಹಾಕಿದರು.

ನಡೆದದ್ದು ಐವತ್ತೆಂಟನೇ ಇಸವಿಯಲ್ಲಿ, ಮೈಸೂರಿನ ಜಯಲಕ್ಷ್ಮಿಪುರಂನಲ್ಲಿ. ಗಂಡ ಬಸವರಾಜು ಸರ್ವೆ ಇಲಾಖೆಯವನು. ತಿಂಗಳಲ್ಲಿ ಇಪ್ಪತ್ತು ದಿನ ಸರಪಳಿ ಹಿಡಿದು ಊರೂರು ಅಳೆಯುವುದೇ ಆಯಿತು. ಮನೆಯಲ್ಲಿ ಉಳಿದವರು ಮೂವರು ಹೆಂಗಸರು: ಅತ್ತೆ ಗುರುಸಿದ್ದಮ್ಮ, ಸೊಸೆ ಗಿರಿಜಾಂಬಾ, ಅತ್ತೆಯ ಮಗಳು ಪ್ರೇಮಲೀಲಾ. ಪ್ರೇಮಲೀಲಾಗೆ ಇಪ್ಪತ್ತೆರಡು ವರ್ಷ. ಹತ್ತೊಂಬತ್ತರಲ್ಲಿ ಗಂಡ ವಿಷಮಶೀತ ಜ್ವರಕ್ಕೆ ಹೋದ. ಆವತ್ತಿನಿಂದ ತವರಿನಲ್ಲೇ ಇದ್ದಳು, ಯಾರಿಗೂ ಭಾರವಾಗಬಾರದೆಂದು ಇಬ್ಬರಷ್ಟು ಕೆಲಸ ಮಾಡಿಕೊಂಡು.

ಗುರುಸಿದ್ದಮ್ಮನವರಿಗೆ ಓದು ಬರಹ ಬಾರದು. ಆದರೆ ದೇವರ ವಿಷಯದಲ್ಲಿ ಅವರ ಹತ್ತಿರ ಆಟ ನಡೆಯುತ್ತಿರಲಿಲ್ಲ. ಒಡಹುಟ್ಟಿದ ತಮ್ಮ ಯಾವುದೋ ಜಮೀನಿನ ವ್ಯಾಜ್ಯದಲ್ಲಿ ಮಠದ ಗದ್ದುಗೆ ಮುಟ್ಟಿ ಸುಳ್ಳು ಹೇಳಿದ ಎಂದು ಅವನ ಜೊತೆ ಹನ್ನೊಂದು ವರ್ಷದಿಂದ ಮಾತಿಲ್ಲ, ಹೋಗುವುದಿಲ್ಲ, ಬರುವುದಿಲ್ಲ. ಅವನ ಮಗಳ ಮದುವೆಯ ಲಗ್ನಪತ್ರಿಕೆ ಬಂದಾಗ ಅದನ್ನು ಒಲೆಗೆ ಹಾಕಿ ಕಾಫಿ ಕಾಯಿಸಿದರು. ಇದನ್ನು ಗಿರಿಜಾಂಬಾ ಕಣ್ಣಾರೆ ಕಂಡಿದ್ದಳು.

ಆ ಮನೆಯಲ್ಲಿ ಶ್ರಾವಣ ಪೂರ್ತಿ ಮಧ್ಯಾಹ್ನ ಮೂರರಿಂದ ಐದರವರೆಗೆ ಪುರಾಣ. ಅಕ್ಕಪಕ್ಕದ ಹೆಂಗಸರೆಲ್ಲ ಬರುತ್ತಿದ್ದರು. ಹೊತ್ತಿಗೆಯನ್ನು ಕಾವಿ ಬಟ್ಟೆಯಲ್ಲಿ ಸುತ್ತಿ ಮಣೆಯ ಮೇಲೆ ಇಟ್ಟಿರುತ್ತಿದ್ದರು. ಓದುತ್ತಿದ್ದ ಗಿರಿಜಾಂಬಾಳನ್ನು ಬಿಟ್ಟು ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. ಇನ್ನೊಂದು ಕಟ್ಟುಪಾಡು ಇತ್ತು, ಅದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ: ಕೊನೆಯ ಸಂಧಿಯನ್ನು ಮನೆಯವರು ಓದಬಾರದು, ಅದರ ಕತೆಯನ್ನು ಬಾಯಿಂದಲೂ ಆಡಬಾರದು. ಶ್ರಾವಣದ ಕಡೆಯ ಸೋಮವಾರ ಮಠದಿಂದ ಶಾಸ್ತ್ರಿಗಳು ಬಂದು ಅದನ್ನು ಓದಿ, ಅರ್ಥ ಹೇಳಿ, ಪುರಾಣಕ್ಕೆ ಮಂಗಳ ಹಾಡಬೇಕು. ಸಂಸಾರಸ್ಥರು ಕೊನೆಯ ಸಂಧಿ ಆಡಿದರೆ ಮನೆಗೆ ಆಗಿಬರುವುದಿಲ್ಲ ಎಂದು ನಂಬಿಕೆ.

ಇನ್ನು ಆ ಇಂಗ್ಲಿಷ್ ಕಾದಂಬರಿಗಳ ವಿಷಯ. ಗಿರಿಜಾಂಬಾ ಮಹಾರಾಣಿ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿದವಳು. ಜೊತೆಯಲ್ಲಿ ಓದಿದ ಅಂಬುಜಾ ಹಿಂದಿನ ಬೀದಿಯಲ್ಲೇ ಇದ್ದಳು. ಅವಳ ಅಣ್ಣ ಹಳೇ ಪುಸ್ತಕದಂಗಡಿಯಿಂದ ಹೊತ್ತು ತರುತ್ತಿದ್ದ ಕಾದಂಬರಿಗಳು ಸೀರೆಯ ನೆರಿಗೆಯ ಮರೆಯಲ್ಲಿ ಈ ಮನೆ ಸೇರುತ್ತಿದ್ದವು. ಎಲ್ಲವೂ ಒಂದೇ ತರಹ. ನೂರು ವರ್ಷದ ಹಿಂದಿನ ಅಮೆರಿಕದ ಪಶ್ಚಿಮ ಸೀಮೆ, ಬಟಾಬಯಲು, ಕಮಾನು ಗಾಡಿ, ಹಿಮ, ಒಬ್ಬ ಹೆಂಗಸು, ಒಬ್ಬ ಗಂಡಸು. ಕೊನೆಗೆ ಅವರಿಬ್ಬರಿಗೂ ಮದುವೆ. ಇದರಲ್ಲಿ ಏನಿದೆ ಮಹಾ, ಅನ್ನಬಹುದು ನೀವು. ಮದುವೆಯಾಗಿ ನಾಲ್ಕು ವರ್ಷವಾದರೂ ಬೀದಿಯ ತಿರುವು ದಾಟಿ ಒಬ್ಬಳೇ ಹೋಗದ ಹುಡುಗಿಯನ್ನು ಕೇಳಬೇಕು ಅದರಲ್ಲಿ ಏನಿದೆ ಎಂದು. ಆ ಬಯಲಿಗೆ ಕಾಂಪೌಂಡ್ ಗೋಡೆ ಇರಲಿಲ್ಲ. ಎತ್ತಿನ ಹಗ್ಗ ಹೆಂಗಸಿನ ಕೈಯಲ್ಲೇ ಇರುತ್ತಿತ್ತು. ಎದುರಿಗೆ ಬಂದ ಗಂಡಸು ಇವಳು ಮಾತಾಡುವಾಗ ಟೋಪಿ ತೆಗೆದು ನಿಂತು ಕೇಳುತ್ತಿದ್ದ, ಮಾತು ಮುಗಿಯುವ ತನಕ. ಬಸವರಾಜು ಒಳ್ಳೆಯವನೇ, ಕೈ ಎತ್ತಿದವನಲ್ಲ, ಗದರಿದವನಲ್ಲ. ಆದರೆ ಅವಳ ಒಂದು ಮಾತನ್ನೂ ಮುಗಿಯುವ ತನಕ ಕೇಳಿದವನಲ್ಲ. ಆ ಪುಟಗಳನ್ನು ಓದುವಾಗ ಅವಳಿಗೆ ಎದೆ ತುಂಬಿ ಬರುತ್ತಿತ್ತು. ಮುಚ್ಚಿಟ್ಟ ಮೇಲೆ ಅಳು ಬರುತ್ತಿತ್ತು.

ಮೊದಲು ಪುಸ್ತಕಗಳನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಡುತ್ತಿದ್ದಳು. ಪ್ರೇಮಲೀಲಾ ಅಕ್ಕಿ ಆರಿಸಲು ತೆಗೆದ ದಿನ ಜೀವ ಬಾಯಿಗೆ ಬಂತು. ಆಮೇಲೆ ಯೋಚಿಸಿದಳು: ಮನೆಯಲ್ಲಿ ಯಾರೂ ಮುಟ್ಟದ ಜಾಗ ಒಂದೇ ಒಂದು, ಆ ಕಾವಿ ಬಟ್ಟೆ. ಶಿವಶಿವಾ ಅಂದಳು, ಆದರೂ ಒಳಗಿಟ್ಟಳು. ಆಸೆ ಅನ್ನುವುದು ಅಷ್ಟು ಕೆಟ್ಟದ್ದು.

ಶ್ರಾವಣದ ಎರಡನೇ ವಾರ. ಅವತ್ತು ಬೆಳಿಗ್ಗೆ ಅವಳು ಓದಿ ನಿಲ್ಲಿಸಿದ್ದ ಕಡೆ ಮಾರ್ಥಾ ಎನ್ನುವ ಹೆಂಗಸು ಗಂಡನನ್ನು ಹೊಳೆಯ ದಂಡೆಯಲ್ಲಿ ಮಣ್ಣು ಮಾಡಿ, ಗಾಡಿಯ ಪಕ್ಕ ಒಬ್ಬಳೇ ನಿಂತಿದ್ದಳು. ಮುಂದೆ ಸಾವಿರ ಮೈಲಿ, ಹಿಂದೆ ಸಾವಿರ ಮೈಲಿ. ಮಧ್ಯಾಹ್ನ ಪುರಾಣಕ್ಕೆ ಕೂತಾಗಲೂ ಗಿರಿಜಾಂಬಾಳ ತಲೆಯಲ್ಲಿ ಅದೇ. ಒಂದು ಷಟ್ಪದಿ ಓದಿದಳು, ಬೆಲ್ಲದಚ್ಚಿನ ಹಾಗೆ ಗಟ್ಟಿ, ಹಲ್ಲಿಗೆ ಸಿಗಲಿಲ್ಲ. ಅರ್ಧ ಜನ ತೂಕಡಿಸುತ್ತಿದ್ದರು. ಅರ್ಥ ಹೇಳು ಎಂದರು ಗುರುಸಿದ್ದಮ್ಮ. ಅರ್ಥ ಗೊತ್ತಿರಲಿಲ್ಲ. ಹೆದರಿಕೆಗೆ ಬಾಯಿಗೆ ಬಂದದ್ದನ್ನು ಹೇಳಿದಳು: ಒಬ್ಬ ಶರಣೆ ಇದ್ದಳಂತೆ, ಮರುಳಾಂಬಿಕೆ ಎಂದು ಹೆಸರು, ಗಂಡನ ಜೊತೆ ಪಡುವಣ ಸೀಮೆಗೆ ಗಾಡಿ ಕಟ್ಟಿಕೊಂಡು ಹೊರಟಳಂತೆ.

ತೂಕಡಿಸುತ್ತಿದ್ದವರೆಲ್ಲ ಎದ್ದು ಕೂತರು. ಆಮೇಲೆ ನಿಲ್ಲಿಸುವುದು ಹೇಗೆ? ದಿನವೂ ಹೇಳಬೇಕಾಯಿತು. ಬೆಳಿಗ್ಗೆ ಹತ್ತು ಪುಟ ಕದ್ದು ಓದುವುದು, ಮಧ್ಯಾಹ್ನ ಅದನ್ನು ಶಿವಮಯ ಮಾಡಿ ಹೇಳುವುದು. ಮಾರ್ಥಾ ಮರುಳಾಂಬಿಕೆಯಾದಂತೆ ಕುದುರೆ ಸವಾರ ಕೇಲೆಬ್ ಕಲ್ಲಯ್ಯನಾದ. ಕೋವಿ ಬಿಲ್ಲಾಯಿತು. ಅವರು ತಿನ್ನುತ್ತಿದ್ದ ಕಾಡೆಮ್ಮೆಯ ಮಾಂಸ ಒಣಗಿದ ಹಣ್ಣಾಯಿತು. ಮುತ್ತು ಬಂದ ಕಡೆ ಒಬ್ಬರಿಗೊಬ್ಬರು ಪ್ರಸಾದ ಕೊಟ್ಟುಕೊಂಡರು. ಒಂದು ಸಲ ಗುರುಸಿದ್ದಮ್ಮ ತಡೆದು, ಆ ಬಯಲು ಮೊದಲು ಯಾರದಾಗಿತ್ತು, ಅಲ್ಲಿದ್ದ ಜನ ಎಲ್ಲಿ ಹೋದರು ಎಂದು ಕೇಳಿದರು. ಆ ಮಾತು ಪುಸ್ತಕದಲ್ಲಿ ಇರಲಿಲ್ಲ. ಗಿರಿಜಾಂಬಾ ನಾಳೆ ಬರುತ್ತದೆ ಅತ್ತೆ ಎಂದು ಬೆವರು ಒರೆಸಿಕೊಂಡಳು. ಅವತ್ತಿನಿಂದ ಅವಳಿಗೆ ಅನ್ನ ಸೇರಲಿಲ್ಲ. ಯಾರೋ ಗೇಟು ತೆಗೆದರೆ ಕಿಟಕಿಯಿಂದ ಇಣುಕುವುದು, ಯಾರಾದರೂ ಮಠ ಎಂದರೆ ಅಡಿಗೆ ಮನೆಗೆ ಸರಿಯುವುದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅವಳು ಹೆಗಲ ಮೇಲಿಂದ ಕೈ ತೆಗೆಯಲೇ ಇಲ್ಲ.

ಇಷ್ಟೇ ಆಗಿದ್ದರೆ ತಿಂಗಳು ಕಳೆದು ಹೋಗುತ್ತಿತ್ತೇನೋ. ಆದರೆ ವೃಷಭೇಂದ್ರಪ್ಪನವರ ಮಾತು ನಡುವೆ ಬಂತು. ನಂಜನಗೂಡಿನಲ್ಲಿ ಮಿಡ್ಲ್ ಸ್ಕೂಲ್ ಮೇಷ್ಟ್ರು, ಹೆಂಡತಿ ತೀರಿಹೋಗಿ ಎರಡು ವರ್ಷ. ಪ್ರೇಮಲೀಲಾಳನ್ನು ಯಾವುದೋ ಮದುವೆಯಲ್ಲಿ ಕಂಡಿದ್ದವರು, ಕೊಡುವುದಾದರೆ ಕೈ ಹಿಡಿಯುತ್ತೇನೆ ಎಂದು ಆಷಾಢದಲ್ಲೇ ಕಾಗದ ಬರೆದಿದ್ದರು. ಗುರುಸಿದ್ದಮ್ಮ ಕಿಡಿಕಿಡಿಯಾಗಿದ್ದರು. ನಮ್ಮ ಮನೆತನದಲ್ಲಿ ಮರುಮದುವೆ ಅನ್ನುವ ಮಾತೇ ಇಲ್ಲ, ಏಳು ತಲೆಮಾರಿನಿಂದ ಇಲ್ಲ ಎಂದಿದ್ದರು. ಆ ಕಾಗದಕ್ಕೆ ಉತ್ತರ ಹೋಗಿರಲಿಲ್ಲ. ಪ್ರೇಮಲೀಲಾ ಏನೂ ಆಡಿರಲಿಲ್ಲ. ಮೂರು ದಿನ ಮಾತ್ರ ಊಟ ಬಿಟ್ಟಿದ್ದಳು, ಹೊಟ್ಟೆ ನೋವು ಅಂದಿದ್ದಳು.

ಈಗ ಮರುಳಾಂಬಿಕೆಯೂ ವಿಧವೆ. ಅವಳ ಗುಡಿಸಿಲಿನ ಬಾಗಿಲಲ್ಲಿ ಕಲ್ಲಯ್ಯ ನಿಂತು, ನನ್ನ ಕೈ ಹಿಡಿಯುತ್ತೀಯಾ ಎಂದು ಕೇಳಿದ್ದಾನೆ. ಉತ್ತರ ಕೊನೆಯ ಸಂಧಿಯಲ್ಲಿ. ಕತೆ ಅಲ್ಲಿಗೆ ಬಂದು ನಿಂತ ದಿನ, ಹೆಂಗಸರೆಲ್ಲ ಎದ್ದು ಹೋದ ಮೇಲೆ, ಗುರುಸಿದ್ದಮ್ಮ ಸೊಸೆಯನ್ನು ಹತ್ತಿರ ಕೂರಿಸಿಕೊಂಡರು.

"ನಾನು ಒಂದು ನಿಶ್ಚಯ ಮಾಡಿವ್ನಿ ಕಣಮ್ಮ," ಎಂದರು. "ಆ ಶರಣೆ ಏನು ಮಾಡಿದ್ಲೋ ನಾನೂ ಅದನ್ನೇ ಮಾಡ್ತೀನಿ. ಅವಳು ಒಪ್ಪಿದ್ರೆ ಮೇಷ್ಟ್ರಿಗೆ ಹೂಂ ಅಂತೀನಿ. ಒಪ್ಪಿಲ್ಲ ಅಂದ್ರೆ ಆ ಮಾತು ಈ ಮನೇಲಿ ಇನ್ನು ಎತ್ತೋ ಹಂಗಿಲ್ಲ. ಅಯ್ನೋರು ಬಂದು ಓದಲಿ."

ಗಿರಿಜಾಂಬಾ ಲೆಕ್ಕ ಹಾಕಿದಳು. ಓದಲು ಎಲ್ಲಿದೆ ಆ ಸಂಧಿ? ಶಾಸ್ತ್ರಿಗಳು ಹೊತ್ತಿಗೆ ಬಿಚ್ಚಿದರೆ ಅದರಲ್ಲಿ ಮರುಳಾಂಬಿಕೆಯೂ ಇಲ್ಲ, ಕಲ್ಲಯ್ಯನೂ ಇಲ್ಲ. ಅಂಥವಳು ಯಾರೂ ಇಲ್ಲ ಎಂದು ಅವರು ಒಂದು ಮಾತು ಅಂದರೆ ಮುಗಿಯಿತು. ಪ್ರೇಮಲೀಲಾಳ ಮದುವೆ ಮುರಿಯಿತು, ತನ್ನ ಸಂಸಾರವೂ ಮುರಿಯಿತು. ಹಿಂದೆಮುಂದೆ ನೋಡದೆ, ಅತ್ತೆ, ಮುಂದಿನದು ನನಗೆ ಗೊತ್ತು, ಅವಳು ಒಪ್ಪುತ್ತಾಳೆ ಎಂದು ಹೇಳಲು ಹೊರಟಳು. ಒಪ್ಪು ಎನ್ನುವ ಮೊದಲೇ ಗುರುಸಿದ್ದಮ್ಮ ಅವಳ ಬಾಯಿಗೆ ಅಂಗೈ ಅಡ್ಡ ಹಿಡಿದರು. ಕೊನೆಯ ಸಂಧಿ ಆಡಿ ಮನೆಗೆ ಕೇಡು ತರುತ್ತೀಯಾ ಎಂದು ಸಿಟ್ಟಾದರು. ದೇವರ ಮುಂದೆ ಹೋಗಿ ತಪ್ಪಾಯಿತು ಅನ್ನು ಎಂದು ಕಳಿಸಿದರು. ದೇವರ ಮುಂದೆ ನಿಂತು ಅವಳು ತಪ್ಪಾಯಿತು ಅಂದಳು, ಯಾವ ತಪ್ಪಿಗೆ ಅನ್ನುವುದು ದೇವರಿಗೇ ಬಿಟ್ಟಿದ್ದು.

ಉಳಿದದ್ದು ನಾಲ್ಕು ದಿನ. ಅಂಬುಜಾಳ ಹತ್ತಿರ ಓಡಿದಳು. ಬಾಯಿ ಮುಚ್ಚಿಕೊಂಡು ಇರು, ಕೇಳಿದರೆ ಬೇರೆ ಯಾವುದೋ ಪುಸ್ತಕದಲ್ಲಿ ಓದಿದ್ದೆ ಎಂದುಬಿಡು ಅಂದಳು ಅವಳು. ಹೇಳುವವರಿಗೇನು. ಗಂಡನಿಗೆ ಕಾಗದ ಬರೆಯಲು ಕೂತು ಮೂರು ಸಲ ಹರಿದುಹಾಕಿದಳು. ಹೊತ್ತಿಗೆ ಕಳೆದುಹೋದರೆ ಹೇಗೆ ಎಂದು ಒಂದು ಬೆಳಿಗ್ಗೆ ಅದನ್ನು ಎತ್ತಿಕೊಂಡು ಹಿತ್ತಲ ಬಾವಿಯ ತನಕ ಹೋದಳು. ಬಾವಿಯ ಕಟ್ಟೆಯ ಮೇಲೆ ಪ್ರೇಮಲೀಲಾ ಬಟ್ಟೆ ಒಗೆಯುತ್ತಿದ್ದಳು. ಅತ್ತಿಗೆಯ ಕೈಯಲ್ಲಿ ಕಾವಿ ಗಂಟು ಕಂಡು, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಕೈಮುಗಿದಳು.

"ಅತ್ತಿಗೆ, ಕೊನೇ ಸಂಧೀಲಿ ಏನಾಯ್ತದೆ ಅಂತ ನಿಮಗೆ ಗೊತ್ತಿರ್ತದಲ್ವಾ?" ಎಂದಳು ಮೆಲ್ಲಗೆ. "ಗೊತ್ತಿದ್ರೂ ಹೇಳ್ಬೇಡಿ. ನಂಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಅವಳೊಬ್ಬಳು ಇದ್ದಳಲ್ಲ, ನನ್ನಂಥೋಳು, ಅಷ್ಟು ಸಾಕು."

ಗಿರಿಜಾಂಬಾ ಹೊತ್ತಿಗೆಯನ್ನು ಎದೆಗವಚಿಕೊಂಡು ವಾಪಸು ಬಂದಳು. ಇಂಗ್ಲಿಷ್ ಪುಸ್ತಕವನ್ನು ಮಾತ್ರ ಕಾವಿ ಬಟ್ಟೆಯಿಂದ ತೆಗೆದು ಟ್ರಂಕಿನ ತಳದಲ್ಲಿಟ್ಟಳು. ಅಷ್ಟೇ ಅವಳ ಕೈಲಾದದ್ದು.

ಸೋಮವಾರ ಬಂತು. ಬಾರದೆ ಇರುತ್ತದೆಯೇ? ನಡುಮನೆಗೆ ಜಮಖಾನ ಹಾಸಿ, ಬಾಗಿಲಿಗೆ ತೋರಣ ಕಟ್ಟಿದರು. ಹನ್ನೆರಡು ಜನ ಬರುವ ಕಡೆ ಅವತ್ತು ಮೂವತ್ತು ಜನ ಬಂದು ಕೂತರು. ಶರಣೆಯ ಕತೆ ಪಡುವಾರಹಳ್ಳಿಯ ತನಕ ಹಬ್ಬಿತ್ತು. ಮಠದ ಕರಿಬಸವಯ್ಯ ಶಾಸ್ತ್ರಿಗಳು ಕಾಲು ತೊಳೆಸಿಕೊಂಡು ಬಂದು ಮಣೆಯ ಹಿಂದೆ ಕೂತರು. ಕಂಚಿನ ಕಂಠ, ಹೋದ ಕಡೆಯಲ್ಲೆಲ್ಲ ಮರ್ಯಾದೆ. ಗೊತ್ತಿಲ್ಲ ಅನ್ನುವ ಮಾತು ಅವರ ಬಾಯಲ್ಲಿ ಬಂದದ್ದನ್ನು ಮೈಸೂರಿನಲ್ಲಿ ಕೇಳಿದವರಿಲ್ಲ. ಗಿರಿಜಾಂಬಾ ಅಡಿಗೆ ಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

ಶಾಸ್ತ್ರಿಗಳು ಕಾವಿ ಬಟ್ಟೆ ಬಿಚ್ಚಿದರು, ಹೊತ್ತಿಗೆಗೆ ವಿಭೂತಿ ಹಚ್ಚಿ ಪತ್ರೆ ಏರಿಸಿದರು. ಕೊನೆಯ ಸಂಧಿ ಓದಿದರು, ಅರ್ಥ ಹೇಳಿದರು. ಮಂಗಳಾರತಿಗೆ ತಟ್ಟೆ ತನ್ನಿ ಎಂದರು. ಯಾರೂ ಅಲುಗಲಿಲ್ಲ. ಗುರುಸಿದ್ದಮ್ಮ ಕೈಮುಗಿದು, ಮರುಳಾಂಬಿಕೆಯ ವಿಷಯ ಬರಲಿಲ್ಲವಲ್ಲ ಅಯ್ಯನವರೇ ಎಂದು ಕೇಳಿದರು.

ಶಾಸ್ತ್ರಿಗಳು ಯಾರು ಎಂಬಂತೆ ಹುಬ್ಬು ಏರಿಸಿದರು. ತಕ್ಷಣ ಹತ್ತು ಹೆಂಗಸರು ಒಟ್ಟಿಗೆ ಶುರುಮಾಡಿದರು. ಗಾಡಿ ಕಟ್ಟಿಕೊಂಡು ಹೋದಳಲ್ಲ, ಗಂಡ ಹೊಳೆಯ ಹತ್ತಿರ ಲಿಂಗೈಕ್ಯನಾದನಲ್ಲ, ಒಬ್ಬಳೇ ಗುಡಿಸಿಲು ಕಟ್ಟಿದಳಲ್ಲ, ಕಲ್ಲಯ್ಯ ಬಂದು ಕೇಳಿದನಲ್ಲ. ಗಿರಿಜಾಂಬಾ ಬಾಗಿಲ ಚೌಕಟ್ಟನ್ನು ಭದ್ರವಾಗಿ ಹಿಡಿದುಕೊಂಡಳು. ಈಗ ಅನ್ನುತ್ತಾರೆ, ಇನ್ನೊಂದು ಗಳಿಗೆ, ಈಗ ಅನ್ನುತ್ತಾರೆ ಎಂದು ಕಣ್ಣು ಮುಚ್ಚಿದಳು.

"ಗೊತ್ತು, ಗೊತ್ತು," ಎಂದರು ಶಾಸ್ತ್ರಿಗಳು. "ಮರುಳಾಂಬಿಕೆ. ಈ ಪ್ರತಿಯಲ್ಲಿ ಆ ಭಾಗ ಬಿಟ್ಟುಹೋಗಿದೆ. ಮಠದ ಓಲೆ ಪ್ರತಿಯಲ್ಲಿ ವಿಸ್ತಾರವಾಗಿದೆ, ನಾನೇ ಓದಿದ್ದೇನೆ."

ಗಿರಿಜಾಂಬಾ ಕಣ್ಣು ಬಿಟ್ಟಳು. ತಾನು ಕೇಳಿದ್ದು ನಿಜವೋ ಸುಳ್ಳೋ ತಿಳಿಯಲಿಲ್ಲ. ಮೂವತ್ತು ಜನರ ಮುಂದೆ ಗೊತ್ತಿಲ್ಲ ಅನ್ನಲಾರದೆ ಆ ದೊಡ್ಡ ಮನುಷ್ಯರು ಇಲ್ಲದವಳನ್ನು ಇದ್ದಾಳೆ ಎಂದುಬಿಟ್ಟಿದ್ದರು. ತಾನು ಉಳಿದೆ ಎಂದುಕೊಂಡಳು. ಮೂರು ವಾರದ ಭಯ ಒಂದೇ ಸಲ ಇಳಿದು ಹೋಗಿ ಅವಳಿಗೆ ನಗು ಬರುವ ಹಾಗಾಯಿತು.

ಶಾಸ್ತ್ರಿಗಳು ಗಂಟಲು ಸರಿಮಾಡಿಕೊಂಡು ಕತೆ ಮುಂದುವರಿಸಿದರು. ಕಲ್ಲಯ್ಯನೆಂಬುವನು ನಿಜವಾಗಿ ಮನುಷ್ಯನಲ್ಲ, ಶರಣೆಯ ಮನಸ್ಸನ್ನು ಪರೀಕ್ಷೆ ಮಾಡಲು ಬಂದ ಮಾಯೆ. ಆ ಮಹಾಸತಿ ಅವನ ಮುಖವನ್ನೂ ನೋಡದೆ ಬಾಗಿಲು ಹಾಕಿಕೊಂಡಳು. ಹೊಲ ಮನೆಯನ್ನೆಲ್ಲ ಮಠಕ್ಕೆ ಒಪ್ಪಿಸಿ, ಸತ್ತ ಗಂಡನ ಪಾದವನ್ನು ನೆನೆಯುತ್ತಾ, ಅನ್ನ ನೀರು ಬಿಟ್ಟು ಶಿವನಲ್ಲಿ ಸೇರಿದಳು. ಇದಪ್ಪಾ ಹೆಣ್ಣಿನ ಧರ್ಮ. ಹೆಂಗಸರು ಕಣ್ಣು ಒರೆಸಿಕೊಂಡರು. ಗುರುಸಿದ್ದಮ್ಮ ತಲೆಬಾಗಿ, ಆಗಲಿ, ಗುರುವಿನ ವಾಕ್ಯ ಎಂದರು. ಅವರ ದನಿ ಸೋತಿತ್ತು. ಆ ತಾಯಿಯೂ ಬೇರೆ ಉತ್ತರಕ್ಕೆ ಕಾದಿದ್ದರು ಅನ್ನುವುದು ಆಗ ಗೊತ್ತಾಯಿತು.

ಪ್ರೇಮಲೀಲಾ ಅಳಲಿಲ್ಲ. ಮೇಷ್ಟ್ರು ಲೆಕ್ಕ ತಪ್ಪು ಎಂದಾಗ ಮಕ್ಕಳು ತಲೆಯಾಡಿಸುತ್ತವಲ್ಲ, ಹಾಗೆ ತಲೆಯಾಡಿಸಿದಳು. ಎದ್ದು, ಶಾಸ್ತ್ರಿಗಳ ಕೈಗೆ ನೀರು ತರಲೆಂದು ಚೊಂಬು ಹಿಡಿದು ಗಿರಿಜಾಂಬಾಳ ಪಕ್ಕದಲ್ಲೇ ಹಾದುಹೋದಳು. ಅನ್ನ ನೀರು ಬಿಟ್ಟು ಎಂದಿದ್ದರು ಶಾಸ್ತ್ರಿಗಳು. ಗಿರಿಜಾಂಬಾಳಿಗೆ ಆಷಾಢದ ಆ ಮೂರು ದಿನ ನೆನಪಾಯಿತು. ಇಷ್ಟು ದಿನ ಹೆದರಿದ್ದು ತನಗಾಗಿ. ಈಗಿನ ಹೆದರಿಕೆಯೇ ಬೇರೆ. ಬಾಯಿ ಮುಚ್ಚಿಕೊಂಡಿದ್ದರೆ ತನಗೇನೂ ಆಗುವುದಿಲ್ಲ, ಸಂಸಾರ ಸುಖವಾಗಿರುತ್ತದೆ, ಮುಂದಿನ ಶ್ರಾವಣಕ್ಕೂ ತಾನೇ ಓದಬಹುದು. ಆ ಹುಡುಗಿ ಮಾತ್ರ ಇದೇ ಮನೆಯಲ್ಲಿ, ತನ್ನ ಕಣ್ಣೆದುರಿಗೇ, ಬಾಗಿಲು ಹಾಕಿಕೊಂಡು ಸಾಯುತ್ತಾಳೆ.

ಕೋಣೆಗೆ ಹೋಗಿ ಟ್ರಂಕು ತೆಗೆದಳು. ಅವಸರದಲ್ಲಿ ಮುಚ್ಚಳ ಬಿದ್ದು ಬೆರಳು ಜಜ್ಜಿತು. ಪುಸ್ತಕ ತಂದು ಎಲ್ಲರ ಮುಂದೆ, ಮಣೆಯ ಮೇಲಲ್ಲ, ಕೆಳಗೆ ನೆಲದ ಮೇಲೆ ಇಟ್ಟಳು. ರಟ್ಟಿನ ಮೇಲೆ ಟೋಪಿ ಹಾಕಿದ ಬಿಳಿಯ ಗಂಡಸು, ಭುಜ ಕಾಣುವ ಉಡುಪಿನ ಹೆಂಗಸು, ಹಿಂದೆ ಕಮಾನು ಗಾಡಿ. ಗಾಡಿಯನ್ನು ಎಲ್ಲರೂ ಗುರುತು ಹಿಡಿದರು.

"ಮರುಳಾಂಬಿಕೆ ಅನ್ನೋಳು ಯಾವ ಪುರಾಣದಲ್ಲೂ ಇಲ್ಲ," ಎಂದಳು. "ಇದು ಇಂಗ್ಲಿಷ್ ಕಾದಂಬರಿ. ಹೆಸರು ಬದಲಾಯಿಸಿ ನಾನೇ ಹೇಳಿದ್ದು. ಇದರಲ್ಲಿ ಅವಳು ಕೊನೆಗೆ ಅವನನ್ನ ಮದುವೆ ಆಗ್ತಾಳೆ, ಸುಖವಾಗಿರ್ತಾಳೆ. ಅತ್ತೆ, ನಾನು ದೇವರ ಮುಂದೆ ಕೂತು ಸುಳ್ಳು ಹೇಳಿದೆ. ನೀವು ಹೋಗು ಅಂದ್ರೆ ಹೋಗ್ತೀನಿ."

ಶಾಸ್ತ್ರಿಗಳ ಮುಖ ಕಪ್ಪಿಟ್ಟಿತು. ಇದೇನು ಅನಾಚಾರ ಎಂದು ಎದ್ದರು. ಓಲೆ ಪ್ರತಿಯಲ್ಲಿ ಓದಿದ್ದೀನಿ ಅಂದಿರಲ್ಲ ಅಯ್ಯನವರೇ ಎಂದು ಗುರುಸಿದ್ದಮ್ಮ ಕೇಳುತ್ತಿದ್ದಂತೆಯೇ ಶಲ್ಯ ಕೊಡವಿಕೊಂಡು, ಚಪ್ಪಲಿ ಮೆಟ್ಟಿ ಹೊರಟೇಹೋದರು. ಅವರ ಹಿಂದೆಯೇ ಹೆಂಗಸರು ಒಬ್ಬೊಬ್ಬರಾಗಿ ಕರಗಿದರು. ಮಂಗಳಾರತಿ ಆಗಲಿಲ್ಲ.

ಪ್ರೇಮಲೀಲಾ ನೀರಿನ ಚೊಂಬು ಹಿಡಿದುಕೊಂಡೇ ನಿಂತಿದ್ದಳು. "ಅವಳು ಇರ್ಲೇ ಇಲ್ವಾ ಅತ್ತಿಗೆ?" ಎಂದಳು. ಗಿರಿಜಾಂಬಾಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ. ಇಲ್ಲ ಎಂದು ತಲೆಯಾಡಿಸಿದಳು. ಬೆರಳಿನಿಂದ ರಕ್ತ ಸೋರುತ್ತಿತ್ತು, ನೋವು ತಿಳಿಯಲಿಲ್ಲ.

ಗುರುಸಿದ್ದಮ್ಮ ಸೊಸೆಯನ್ನು ನೋಡಲಿಲ್ಲ. ನೆಲದ ಮೇಲಿದ್ದ ಪುಸ್ತಕವನ್ನೇ ನೋಡುತ್ತಿದ್ದರು. "ಅಂಗಾದ್ರೆ ನಮ್ಮೋರಲ್ಲಿ ಯಾರೂ ಅಂಥದ್ದು ಮಾಡಿಲ್ಲ," ಎಂದರು, ತಮಗೆ ತಾವೇ ಹೇಳಿಕೊಳ್ಳುವಂತೆ. "ಯಾರನ್ನ ತೋರಿಸಿ ನಾನು ಹೂಂ ಅನ್ಲಿ?"

ಪ್ರೇಮಲೀಲಾ ಚೊಂಬನ್ನು ಕೆಳಗಿಟ್ಟಳು.

"ಯಾರೂ ಮಾಡಿಲ್ಲ ಅಂದ್ರೆ ನಾನು ಮಾಡ್ತೀನಿ ಅವ್ವ. ಮುಂದೆ ಯಾರಾದ್ರೂ ಕೇಳಿದ್ರೆ ನನ್ನ ತೋರಿಸಿ."

"ಭಯ ಆಗಲ್ವೇನೇ ನಿಂಗೆ?"

"ಆಯ್ತದೆ," ಎಂದಳು ಪ್ರೇಮಲೀಲಾ. "ಕೈಕಾಲೆಲ್ಲ ನಡುಗ್ತಾ ಅವೆ. ಆದ್ರೂ ಮೇಷ್ಟ್ರಿಗೆ ಕಾಗದ ಬರೆಸವ್ವ."

ಗುರುಸಿದ್ದಮ್ಮ ಮಗಳ ಕೈ ಹಿಡಿದುಕೊಂಡು ನೋಡಿದರು. ನಡುಗುತ್ತಿದ್ದದ್ದು ನಿಜ. ಅದನ್ನು ತಮ್ಮ ಎರಡು ಕೈಯಲ್ಲಿ ಒತ್ತಿ ಹಿಡಿದು, ಅಲ್ಲೇ ನಿಂತಿದ್ದ ಸೊಸೆಯ ಕಡೆ ಮೊದಲ ಸಲ ತಿರುಗಿದರು. ಆ ಮನೆಯಲ್ಲಿ ಕಾಗದ ಬರೆಯಲು ಬರುತ್ತಿದ್ದವಳು ಅವಳೊಬ್ಬಳೇ.

"ನಿನ್ನ ಮೇಲಿನ ಸಿಟ್ಟು ಅಂಗೇ ಅದೆ, ಅದನ್ನ ಆಮೇಲೆ ನೋಡ್ತೀನಿ," ಎಂದರು. "ಈಗ ಬೆರಳಿಗೆ ಬಟ್ಟೆ ಸುತ್ಕೊಂಡು ಬಂದು ಕೂತ್ಕೊ. ಕತೆ ಕಟ್ಟಬ್ಯಾಡ. ಅವಳು ಹೇಳಿದ್ದು ಹೇಳಿದಂಗೆ ಬರಿ."